ಒಡೆದ ಗೋಡೆಯ ಲೆಕ್ಕ

ಬಾದಾಮಿಯ ಉತ್ತರದ ಗುಡ್ಡ ಹತ್ತುವ ದಾರಿಯಲ್ಲಿ ಕೆಳಗಿನ ಶಿವಾಲಯ ಎಂದು ಕರೆಯುವ ಗುಡಿಯೊಂದಿದೆ. ಅದರಲ್ಲಿ ಇಂದು ಉಳಿದಿರುವುದು ಗರ್ಭಗುಡಿ ಮತ್ತು ಅದರ ಮೇಲಿನ ದ್ರಾವಿಡ ಶಿಖರ ಮಾತ್ರ. ಸುತ್ತಲಿನ ಪ್ರದಕ್ಷಿಣಾ ಪಥ, ಅದರ ಹೊರಗೋಡೆ, ಮುಂದಿನ ಮಂಟಪ ಯಾವುದೂ ಇಲ್ಲ. ಏನಾಯಿತು ಎಂದು ಕೇಳಿದರೆ ‘ಯುದ್ಧದಾಗ ಒಡದಾರ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಯಾರು ಒಡೆದದ್ದು ಎಂಬುದು ಹೇಳುವವರ ಓದು, ಒಲವು, ಸಿಟ್ಟಿಗೆ ತಕ್ಕಂತೆ ಬದಲಾಗುತ್ತದೆ. ಒಬ್ಬರಿಗೆ ಪಲ್ಲವರು, ಇನ್ನೊಬ್ಬರಿಗೆ ವಿಜಾಪುರದ ಸುಲ್ತಾನರು, ಮತ್ತೊಬ್ಬರಿಗೆ ಟಿಪ್ಪು, ಮಗದೊಬ್ಬರಿಗೆ ಇಂಗ್ಲಿಷರು. ಬಾಯಿಮಾತಿನಲ್ಲಿ ಈ ಉತ್ತರ ನಡೆದುಹೋಗುತ್ತದೆ, ಬರವಣಿಗೆಯಲ್ಲೂ ಎಷ್ಟೋ ಸಲ ನಡೆದುಹೋಗಿದೆ. ಆದರೆ ಆ ಗುಡಿಯನ್ನು ಅಳತೆಗೆ ತಕ್ಕಂತೆ ಕಿರಿದು ಮಾಡಿ, ಈಗಿರುವ ಮುರುಕು ಸ್ಥಿತಿಯಲ್ಲೇ ಮೇಜಿನ ಮೇಲೆ ಕಟ್ಟಲು ಹೊರಟವರ ಹತ್ತಿರ ಅದು ನಡೆಯುವುದಿಲ್ಲ. ಅವರು ಪ್ರತಿ ಮುರುಕಿಗೂ ಒಂದು ಆಕಾರ ಕೊಡಬೇಕು. ಆಕಾರ ಕೊಡಬೇಕಾದರೆ ಅದು ಹೇಗೆ ಮುರಿಯಿತು ಎಂದು ಮೊದಲು ತೀರ್ಮಾನಿಸಬೇಕು. ಗುಂಡೇಟಿಗೆ ಒಡೆದ ಗೋಡೆಯ ಅಂಚು ಬೇರೆ, ಹಾರೆ ಹಾಕಿ ಕಲ್ಲು ಕಿತ್ತೊಯ್ದ ಗೋಡೆಯ ಅಂಚು ಬೇರೆ. ಯುದ್ಧದಲ್ಲಿ ಜಖಂಗೊಂಡವು ಎನ್ನುವ ಕಟ್ಟಡಗಳ ಮಾದರಿ ಕಟ್ಟುವುದು ಇತಿಹಾಸವನ್ನು ಪರೀಕ್ಷೆಗೆ ಒಡ್ಡುವ ಒಂದು ಬಗೆ ಎಂಬುದು ಈ ಲೇಖನದ ವಾದ. ಆ ಪರೀಕ್ಷೆಗೆ ಬಾದಾಮಿ, ಐಹೊಳೆಗಳಂಥ ನೆಲ ಬೇರೆ ಕಡೆ ಸಿಗುವುದು ಕಷ್ಟ.

ಯುದ್ಧಕ್ಕೂ ಮಾದರಿಗೂ ನಂಟು ಹಳೆಯದು. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಕಾಲದಲ್ಲಿ, 1668ರಿಂದ, ಗಡಿಯ ಕೋಟೆ ಪಟ್ಟಣಗಳನ್ನು 1:600 ಪ್ರಮಾಣದಲ್ಲಿ ಕಟ್ಟಿಸಲು ಶುರುಮಾಡಿದರು. ಯಾವ ಕೊತ್ತಲ ಎಲ್ಲಿ ದುರ್ಬಲ, ಫಿರಂಗಿ ಎಲ್ಲಿಟ್ಟರೆ ಯಾವ ಗೋಡೆಗೆ ತಾಗುತ್ತದೆ ಎಂದು ಅರಮನೆಯಲ್ಲಿ ಕೂತೇ ನೋಡುವ ಉಪಾಯ ಅದು. ಉಳಿದವುಗಳಲ್ಲಿ ಹಲವು ಇಂದು ಪ್ಯಾರಿಸಿನ ಎನ್ವಾಲಿಡ್ ಕಟ್ಟಡದಲ್ಲಿವೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಸೈಬೋರ್ನ್ 1838ರಲ್ಲಿ ವಾಟರ್ಲೂ ಕದನದ ದೊಡ್ಡ ಮಾದರಿಯನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ, ಪ್ರಷ್ಯದ ಸೈನಿಕರು ಎಲ್ಲಿ, ಎಷ್ಟು ಮಂದಿ ನಿಂತಿದ್ದರು ಎಂಬುದರ ಮೇಲೆ ತಕರಾರು ಎದ್ದಿತು. ಗೆಲುವಿನಲ್ಲಿ ಯಾರ ಪಾಲು ಎಷ್ಟು ಎಂಬ ಜಗಳವೇ ತವರದ ಗೊಂಬೆಗಳ ರೂಪದಲ್ಲಿ ಎದುರಿಗೆ ಬಂದಿತ್ತು. ಜರ್ಮನಿಯ ಹ್ಯಾನೋವರ್ ನಗರದ ಪುರಭವನದಲ್ಲಿ ಒಂದೇ ಊರಿನ ನಾಲ್ಕು ಮಾದರಿಗಳಿವೆ: 1689ರದ್ದು, 1939ರದ್ದು, ಬಾಂಬು ದಾಳಿಯ ನಂತರದ 1945ರದ್ದು, ಇಂದಿನದ್ದು. ಮೂರನೆಯದರಲ್ಲಿ ಚಾವಣಿಗಳಿಲ್ಲದ ಗೋಡೆಗಳು ಸಾಲಾಗಿ ನಿಂತಿವೆ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಲೋಕವೂ ಇದೆ. ಹವ್ಯಾಸಿಗಳಿಗೆ 1:35 ಅಥವಾ 1:72 ಪ್ರಮಾಣದಲ್ಲಿ ಸಿಗುವ ‘ಪಾಳು ಮನೆ’ ಕಿಟ್‌ಗಳಲ್ಲಿ ಯುರೋಪಿನ ಯಾವುದೋ ಬೀದಿಯ ಮೂಲೆ ಮನೆಯೊಂದು ಅರ್ಧ ಉರುಳಿರುತ್ತದೆ. ಅದು ಯಾರ ಮನೆ, ಯಾವ ಊರು, ಯಾವ ದಿನ ಬಿತ್ತು ಎಂಬುದಿಲ್ಲ. ಮುಂದೆ ನಿಲ್ಲಿಸುವ ಟ್ಯಾಂಕಿಗೆ ಅದೊಂದು ಹಿನ್ನೆಲೆ ಪರದೆ ಅಷ್ಟೆ. ಕೈಚಳಕ ಎರಡರಲ್ಲೂ ಒಂದೇ ಮಟ್ಟದ್ದಿರಬಹುದು. ಆದರೂ ಹ್ಯಾನೋವರಿನದಕ್ಕೆ ಊರೂ ಇಸವಿಯೂ ಇರುವುದರಿಂದ ಅದು ತಪ್ಪು ಎಂದು ಯಾರಾದರೂ ಸಾಧಿಸಿ ತೋರಿಸಬಹುದು. ಕಿಟ್ಟಿನ ಮನೆಯನ್ನು ತಪ್ಪು ಎನ್ನಲು ದಾರಿಯೇ ಇಲ್ಲ. ಹಾಗಾಗಿ ಅದನ್ನು ಸರಿ ಎನ್ನಲೂ ಬರುವುದಿಲ್ಲ.

ನಮ್ಮಲ್ಲಿ ಕಿರಿದು ಮಾಡಿ ಕಟ್ಟುವ ಕಲೆಗೆ ಕೊರತೆಯಿಲ್ಲ. ಚಾಲುಕ್ಯರ ಗುಡಿಗಳ ಶಿಖರವೆಂದರೆ ಕೂಟ, ಶಾಲೆ, ಪಂಜರ ಎಂಬ ಪುಟ್ಟ ಗುಡಿಗಳನ್ನು ಅಂತಸ್ತು ಅಂತಸ್ತಾಗಿ ಪೋಣಿಸಿದ್ದು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಮೇಲ್ಭಾಗ ನೋಡಿದರೆ ಗುಡಿಯ ಮೈಮೇಲೆ ಗುಡಿಯ ಮಾದರಿಗಳೇ ಹಬ್ಬಿವೆ. ಐಹೊಳೆಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಊರನ್ನೂ ಸುತ್ತಲಿನ ನೆಲವನ್ನೂ ತೋರಿಸುವ ದೊಡ್ಡ ಮಾದರಿಯಿದೆ. ಇಳಕಲ್ ಸೀರೆಯ ಸೆರಗಿನ ವಿನ್ಯಾಸಗಳಲ್ಲಿ ಕೋಟೆಯ ತೆನೆಗಳ ಸಾಲನ್ನು ಹೋಲುವುದೂ ಒಂದು. ದೀಪಾವಳಿ ಬಂತೆಂದರೆ ಬೆಳಗಾವಿಯ ಓಣಿಗಳಲ್ಲಿ ಹುಡುಗರು ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಈ ಎಲ್ಲದರಲ್ಲೂ ಸಮಾನವಾದದ್ದು ಒಂದಿದೆ: ಕಟ್ಟಡ ಇಡಿಯಾಗಿರುತ್ತದೆ. ಓಣಿಯ ಕಿಲ್ಲೆಗೆ ಬುರುಜುಗಳಿವೆ, ಬಾವುಟವಿದೆ, ಕಾವಲಿನವರಿದ್ದಾರೆ, ಬಿರುಕು ಮಾತ್ರ ಇಲ್ಲ. ಭಗ್ನವಾದ ಮೂರ್ತಿ ಪೂಜೆಗೆ ಸಲ್ಲದು ಎಂಬ ನಂಬಿಕೆ ನಮ್ಮ ಕೈಗಳನ್ನೂ ನಡೆಸುತ್ತಿರಬಹುದು. ಮುರಿದದ್ದನ್ನು ಶ್ರದ್ಧೆಯಿಂದ, ಮುರುಕಿನ ಸಮೇತ, ಅಳೆದು ಮಾಡುವುದು ನಮಗೆ ಇನ್ನೂ ಅಭ್ಯಾಸವಾಗಿಲ್ಲ.

ಬಾದಾಮಿಯ ಯುದ್ಧಗಳ ಪಟ್ಟಿ ಉದ್ದವಿದೆ, ಆದರೆ ಹೆಚ್ಚಿನ ಕಡೆ ದಾಖಲೆಯಿದೆ. ಚಾಲುಕ್ಯರ ಒಂದನೇ ಪುಲಕೇಶಿ 543ರಲ್ಲಿ ಈ ಬೆಟ್ಟಕ್ಕೆ ಕೋಟೆ ಕಟ್ಟಿಸಿದ ಸಂಗತಿಯನ್ನು ಉತ್ತರದ ಗುಡ್ಡದ ಬಂಡೆಯ ಮೇಲಿನ ಶಾಸನವೇ ಹೇಳುತ್ತದೆ. ಸುಮಾರು 642ರಲ್ಲಿ ಪಲ್ಲವರ ಒಂದನೇ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಬಾದಾಮಿಯನ್ನು, ಗೆದ್ದ. ಅವನ ಶಾಸನವೂ ಇಲ್ಲಿನ ಬಂಡೆಯ ಮೇಲಿದೆ, ಸಾಕಷ್ಟು ಸವೆದಿದೆ. ಹನ್ನೆರಡು ಹದಿಮೂರು ವರ್ಷಗಳ ನಂತರ ಒಂದನೇ ವಿಕ್ರಮಾದಿತ್ಯ ರಾಜಧಾನಿಯನ್ನು ಮರಳಿ ಪಡೆದ. ವಿಜಯನಗರ, ಆದಿಲ್‌ಶಾಹಿ, ಮರಾಠರು, ಹೈದರ್, ಟಿಪ್ಪು ಎಂದು ಕೋಟೆ ಕೈಯಿಂದ ಕೈಗೆ ಹೋಯಿತು. 1786ರ ಮೇ ತಿಂಗಳಲ್ಲಿ ಮರಾಠಾ ಮತ್ತು ನಿಜಾಮರ ಸೇನೆಗಳು ಒಟ್ಟಾಗಿ ಟಿಪ್ಪುವಿನ ಪಡೆ ಕಾಯುತ್ತಿದ್ದ ಬಾದಾಮಿಗೆ ಮುತ್ತಿಗೆ ಹಾಕಿ ಸುಮಾರು ಮೂರು ವಾರ ಫಿರಂಗಿ ಹೊಡೆದವು. ಗೋಡೆಗಳಿಗೆ ಪೆಟ್ಟಾಯಿತು, ಆದರೆ ಒಳನುಗ್ಗುವಂಥ ಬಿರುಕು ಬೀಳಲಿಲ್ಲ. ಕೊನೆಗೆ ಏಣಿ ಹಾಕಿ ಹತ್ತಿಯೇ ಕೆಳಗಿನ ಕೋಟೆಯನ್ನು ಹಿಡಿದರು. ಮೇಲಿನ ಗುಡ್ಡಗಳಿಂದ ಕಾವಲುಪಡೆ ಬಂಡೆಗಳನ್ನು ಉರುಳಿಸಿ ಎದುರಿಸಿತು, ಬಳಿಕ ಶರಣಾಯಿತು. 1818ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಥಾಮಸ್ ಮನ್ರೋನ ಸೇನೆ ಮತ್ತೆ ಫಿರಂಗಿ ಹೂಡಿ ಬಾದಾಮಿಯನ್ನು ಗೆದ್ದುಕೊಂಡಿತು. 1841ರ ಹೊತ್ತಿಗೆ ಕಣ್ಣು ಕಾಣದ ನರಸಿಂಹ ದತ್ತಾತ್ರೇಯ ಪೇಟ್ಕರ್ ಎಂಬಾತ ಅರಬ್ ಸೈನಿಕರ ಗುಂಪಿನೊಡನೆ ಬಂದು ಊರು ಹಿಡಿದ. ಕಂಪನಿಯ ಪಡೆ ಕೆಲವೇ ದಿನಗಳಲ್ಲಿ ಆ ಬಂಡಾಯವನ್ನು ಅಡಗಿಸಿತು.

ಈ ಪಟ್ಟಿಯನ್ನು ಕಟ್ಟಡಗಳ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ಅಷ್ಟು ಸುಲಭವಾಗಿ ಕೂಡುವುದಿಲ್ಲ. 578ರಲ್ಲಿ ಮಂಗಲೇಶ ಮಾಡಿಸಿ ಮುಗಿಸಿದ ಮೂರನೇ ಗುಹೆಯ ವಿಷ್ಣುವಿನ ದೊಡ್ಡ ಮೂರ್ತಿಗಳು ಪಲ್ಲವರ ಆಳ್ವಿಕೆಯನ್ನು ದಾಟಿ ಉಳಿದಿವೆ. ರವಿಕೀರ್ತಿಯ 634ರ ಶಾಸನ ಹೊತ್ತ ಐಹೊಳೆಯ ಮೇಗುಟಿ ಬಸದಿ ಉಳಿದಿದೆ. ಗೆದ್ದ ರಾಜ ಬಂಡೆಯ ಮೇಲೆ ತನ್ನ ಹೆಸರು ಬರೆಸಿದ್ದಕ್ಕೆ ಪುರಾವೆಯಿದೆ, ಗುಡಿಗಳನ್ನು ನೆಲಸಮ ಮಾಡಿದ್ದಕ್ಕೆ ಕಟ್ಟಡಗಳಲ್ಲಿ ಅಂಥ ಪುರಾವೆ ಕಾಣುವುದಿಲ್ಲ. ನೂರು ವರ್ಷದ ನಂತರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಅಲ್ಲಿನ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ನೋಡಿ ದೇವರಿಗೇ ಹಿಂದಿರುಗಿಸಿದನೆಂದು ಅದೇ ಗುಡಿಯ ಕಂಬದ ಮೇಲಿನ ಕನ್ನಡ ಶಾಸನ ಹೇಳುತ್ತದೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಳು. ಹಳೆಯ ರಾಜರೆಲ್ಲ ಸಾಧುಗಳಾಗಿದ್ದರು ಎನ್ನಲು ಇದನ್ನು ಹೇಳುತ್ತಿಲ್ಲ. ಊರು ಸುಟ್ಟಿರಬಹುದು, ಜನ ಸತ್ತಿರಬಹುದು, ಮರದ ಮನೆ ಮಾಳಿಗೆಗಳು ಬೂದಿಯಾಗಿರಬಹುದು. ಕಲ್ಲಿನ ಗುಡಿಗಳ ಮೇಲೆ ಅದರ ಗುರುತು ಎಲ್ಲಿ ಎಂಬ ಪ್ರಶ್ನೆಯಷ್ಟೇ ನಮ್ಮ ಮುಂದಿರುವುದು. ಇನ್ನು ಫಿರಂಗಿಯ ಕಾಲದ ಮುತ್ತಿಗೆಗಳಲ್ಲಿ ಹೆಚ್ಚಿನ ಏಟು ಬಿದ್ದಿರಬೇಕಾದದ್ದು ಕೆಳಗಿನ ಊರ ಕೋಟೆಗೆ. ಬಂಡೆಯ ಸಂದಿಯಲ್ಲಿ, ತಿರುವಿನ ಮೇಲೆ ಕೂತ ಕೆಳಗಿನ ಶಿವಾಲಯದ ನಾಲ್ಕೂ ಕಡೆಯ ಹೊರಗೋಡೆ ಮಾತ್ರ ಗುಂಡಿಗೆ ಹಾರಿ, ನಡುವಿನ ಎತ್ತರದ ಶಿಖರ ಹಾಗೇ ಉಳಿಯುವುದು ಹೇಗೆ? ದೂರದಿಂದ ಹೊಡೆಯುವವನಿಗೆ ಮೊದಲು ಸಿಗುವ ಗುರಿ ಶಿಖರವೇ.

ಮಾದರಿ ಕಟ್ಟುವವರ ಕೆಲಸ ಇಲ್ಲಿಂದ ಶುರುವಾಗುತ್ತದೆ. ಕಲ್ಲು ಒಡೆಯುವುದಕ್ಕೆ ಅದರದೇ ನಿಯಮಗಳಿವೆ. ಬಾದಾಮಿಯ ಕೆಂಪು ಮರಳುಗಲ್ಲು ಪದರು ಪದರಾಗಿ ಕೂತದ್ದು. ಪೆಟ್ಟು ಬಿದ್ದರೆ ಪದರಿನ ಗುಂಟ ಮೆಟ್ಟಿಲಿನಂತೆ ಚಕ್ಕೆ ಏಳುತ್ತದೆ. ಇಳಕಲ್ಲಿನ ಗ್ರಾನೈಟಿಗೆ ಆ ಪದರಿಲ್ಲ, ಅದರ ಒಡಕು ಬೇರೆ ಬಗೆಯದು. ಕಬ್ಬಿಣದ ಗುಂಡು ಬಿದ್ದಲ್ಲಿ ಬಟ್ಟಲಿನಂಥ ಕುಳಿ, ಅದರ ಸುತ್ತ ಚಕ್ಕೆ ಎದ್ದ ಉಂಗುರ, ಅಲ್ಲಿಂದ ಹೊರಟ ಸೀಳುಗಳು ಇರುತ್ತವೆ. ಕೋಟೆಯ ಗೋಡೆ ಕೆಡವಲು ಬಲ್ಲ ಗೋಲಂದಾಜರು ಕಂಡಕಂಡಲ್ಲಿ ಹೊಡೆಯುತ್ತಿರಲಿಲ್ಲ. ಗೋಡೆಯ ತಳದ ಹತ್ತಿರ ಅಡ್ಡಡ್ಡ ಒಂದೇ ಸಾಲಿಗೆ ಹೊಡೆದು ಕೊಯ್ದಂತೆ ಮಾಡಿ, ಮೇಲಿನ ಭಾರ ತಾನಾಗಿ ಮುಂದಕ್ಕೆ ಜಾರುವಂತೆ ಮಾಡುತ್ತಿದ್ದರು. ಬಿದ್ದ ಕಲ್ಲಿನ ರಾಶಿಯೇ ಒಳನುಗ್ಗುವವರಿಗೆ ಇಳಿಜಾರು ದಾರಿಯಾಗುತ್ತಿತ್ತು. ಹಾಗೆ ಬಿದ್ದ ಗೋಡೆಯ ಬಾಯಿ ಮೇಲೆ ಅಗಲ, ಕೆಳಗೆ ಕಿರಿದು. ಕಲ್ಲಿನ ತೊಲೆ ತಾನಾಗಿ ಮುರಿದರೆ ಸಾಮಾನ್ಯವಾಗಿ ನಡುವೆ, ಕೆಳಮೈಯಿಂದ ಬಿರುಕು ಬಿಡುತ್ತದೆ. ಆಲ, ಅರಳಿಯ ಬೇರು ಹೊಕ್ಕ ಗೋಡೆ ಹೊಟ್ಟೆ ಉಬ್ಬಿ ಸಂದಿ ಬಿಟ್ಟಿರುತ್ತದೆ. ತಳದ ಸಾಲಿನ ಕಲ್ಲುಗಳು ಮಾತ್ರ ಪುಡಿಪುಡಿಯಾಗಿ ಒಳಸರಿದಿದ್ದರೆ ಅದು ನೆಲದ ತೇವ ಮತ್ತು ಉಪ್ಪಿನ ಕೆಲಸ. ಮನುಷ್ಯರು ಕಲ್ಲು ಕಿತ್ತೊಯ್ದ ಕಡೆ ಒಡಕೇ ಇರುವುದಿಲ್ಲ: ಒಂದು ಸಾಲು ಪೂರ್ತಿ ಹೋಗಿರುತ್ತದೆ, ಉಳಿದ ಸಾಲಿನ ಅಂಚು ಚೌಕವಾಗಿಯೇ ಇರುತ್ತದೆ. ದೊಡ್ಡ ಕಲ್ಲನ್ನು ಸೀಳಿ ಒಯ್ದಿದ್ದರೆ ಬೆಣೆ ಹೊಡೆದ ತೂತುಗಳ ಸಾಲು ಅರ್ಧ ಕೊಯ್ದಂತೆ ಅಂಚಿನಲ್ಲಿ ಉಳಿಯುತ್ತದೆ. ಇದನ್ನು ಇಳಕಲ್ಲಿನ ಕ್ವಾರಿಯಲ್ಲಿ ದುಡಿಯುವ ಯಾರಾದರೂ ಒಂದೇ ನೋಟಕ್ಕೆ ಗುರುತಿಸಿಯಾರು. ಮೂರ್ತಿಗಳ ಮೂಗು, ಮೊಣಕೈಗಳ ವಿಷಯದಲ್ಲೂ ಹೀಗೆಯೇ. ಹೊರಚಾಚಿದ ಭಾಗ ಮೊದಲು ಸವೆಯುತ್ತದೆ, ಬೇಕೆಂದೇ ಹೊಡೆದದ್ದಾದರೆ ಪೆಟ್ಟು ಒಂದು ದಿಕ್ಕಿನಿಂದ ಬಂದ ಗುರುತು ಇರುತ್ತದೆ.

ಇನ್ನೂ ಒರಟಾದ, ಆದರೆ ಬಲವಾದ ಪುರಾವೆ ಬಿದ್ದ ಕಲ್ಲಿನ ರಾಶಿ. ಗೋಡೆಯಲ್ಲಿ ಎಷ್ಟು ಕಲ್ಲು ಇಲ್ಲವೋ ಅಷ್ಟು ಕಲ್ಲು ಕೆಳಗೆ ಎಲ್ಲೋ ಇರಬೇಕು. ರಾಶಿಯಾದಾಗ ನಡುವಿನ ಪೊಳ್ಳಿನಿಂದಾಗಿ ಅದು ಗೋಡೆಯಲ್ಲಿದ್ದಾಗಿನದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಮಾರುಕಟ್ಟೆಯ ಪಾಳುಮನೆಗಳಲ್ಲಿ ಎಲ್ಲಕ್ಕಿಂತ ಎದ್ದು ಕಾಣುವ ಸುಳ್ಳು ಇದೇ: ಒಂದು ಅಂತಸ್ತು ಪೂರ್ತಿ ಮಾಯವಾಗಿರುತ್ತದೆ, ನೆಲದ ಮೇಲೆ ಒಂದು ಬುಟ್ಟಿಯಷ್ಟು ಇಟ್ಟಿಗೆ ಚೂರು ಬಿದ್ದಿರುತ್ತದೆ. ಕೆಳಗಿನ ಶಿವಾಲಯದ ಹೊರಗೋಡೆಯ ಕಲ್ಲು ಸುತ್ತಮುತ್ತ ಇಲ್ಲ ಎಂದರೆ ಯಾರೋ ಒಯ್ದಿದ್ದಾರೆ ಎಂದು ಒಡನೆ ಹೇಳಬಹುದೇ? ಇಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ಪುರಾತತ್ವ ಇಲಾಖೆ ಇಲ್ಲಿ ಕಸ ಕಲ್ಲು ತೆಗೆದು, ನೆಲ ಸಮ ಮಾಡಿ, ಹಾದಿ ಹಾಕಿದೆ. ಇಂದಿನ ಚೊಕ್ಕಟವೇ ಪುರಾವೆಯನ್ನು ಅಳಿಸಿರಬಹುದು. ಇದು ನ್ಯಾಯವಾದ ಆಕ್ಷೇಪ. ಆದುದರಿಂದಲೇ ಮಾದರಿ ಮಾಡುವವರು ಹಳೆಯ ದಾಖಲೆಗಳ ಬಾಗಿಲು ತಟ್ಟಬೇಕು. 1855ರಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಫೋಟೋ ತೆಗೆದ; ಅವು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರಹದೊಂದಿಗೆ ಪುಸ್ತಕವಾಗಿ ಬಂದವು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಆಗಿನ ಕಲಾದಗಿ ಜಿಲ್ಲೆಗಳ ಸರ್ವೇಕ್ಷಣೆಯ ವರದಿ ಹೊರತಂದ. ಹೆನ್ರಿ ಕಸಿನ್ಸ್‌ನ ನಕ್ಷೆಗಳಿರುವ ಪುಸ್ತಕ 1926ರದ್ದು. ಜಾರ್ಜ್ ಮಿಷೆಲ್‌ರ ಅಳತೆಯ ರೇಖಾಚಿತ್ರಗಳು 1975ರಲ್ಲಿ ಪ್ರಕಟವಾದವು. 1855ರ ಫೋಟೋದಲ್ಲಿ ಇದ್ದು ಇಂದು ಇಲ್ಲದ ಕಲ್ಲಿಗೆ ಮನ್ರೋನನ್ನು ಹೊಣೆ ಮಾಡಲು ಬರುವುದಿಲ್ಲ. ಹಾಗೆಯೇ 1855ರಲ್ಲೇ ಇಲ್ಲದ್ದನ್ನು ಕಳೆದ ಶತಮಾನದ ಗುತ್ತಿಗೆದಾರನ ತಲೆಗೆ ಕಟ್ಟಲೂ ಬರುವುದಿಲ್ಲ.

ಕಲ್ಲು ಒಯ್ಯುವುದನ್ನು ನಾವು ಅಪರಾಧದಂತೆ ನೋಡುತ್ತೇವೆ, ಆದರೆ ಊರುಗಳು ಬದುಕಿದ್ದೇ ಹಾಗೆ. ಕೋಟೆಗೆ ತುರ್ತಾಗಿ ಗೋಡೆ ಏರಿಸಬೇಕಾದಾಗ ಕೈಗೆ ಸಿಗುವ ಸಿದ್ಧ ಕಲ್ಲೆಂದರೆ ಪೂಜೆ ನಿಂತ ಗುಡಿಯದು. ವಿಜಯಪುರದ ಒಳಕೋಟೆಯಾದ ಅರಕಿಲ್ಲೆಯ ಬಾಗಿಲಲ್ಲಿ ಹಳೆಯ ಗುಡಿಯ ಕಂಬಗಳು ಈಗಲೂ ಕಾಣುತ್ತವೆ. ಹೀಗೆ ಒಯ್ದದ್ದು ಯುದ್ಧದ ಹಾನಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಯುದ್ಧದ ಭಯದಿಂದ ಆದ ಹಾನಿ ಎಂದರೆ ಒಪ್ಪುತ್ತೇನೆ. ಆದರೆ ಅದನ್ನು ಮಾಡಿದ್ದು ಮುತ್ತಿಗೆ ಹಾಕಿದವನಲ್ಲ, ಕೋಟೆ ಕಾಯುವವನು. 1818ರ ನಂತರ ಮಹಾರಾಷ್ಟ್ರದ ಹಲವು ಗಿರಿದುರ್ಗಗಳ ಮೆಟ್ಟಿಲು ಬಾಗಿಲುಗಳನ್ನು ಕಂಪನಿಯವರು ಗೆದ್ದ ಮೇಲೆ ನಿಧಾನವಾಗಿ ಸಿಡಿಮದ್ದಿಟ್ಟು ಹಾಳು ಮಾಡಿದರು. ಅದೂ ಕದನದ ಹಾನಿಯಲ್ಲ, ಆಡಳಿತದ ತೀರ್ಮಾನ. ಐಹೊಳೆಯಲ್ಲಿ ಗುಡಿಗಳ ಒಳಗೇ ಸಂಸಾರ ಹೂಡಿ, ಕಂಬದ ನಡುವೆ ಗೋಡೆ ಎಬ್ಬಿಸಿ, ದನ ಕಟ್ಟಿ ಜನ ತಲೆಮಾರುಗಳನ್ನೇ ಕಳೆದಿದ್ದಾರೆ. ಆ ಸಂಸಾರಗಳಿಂದಾಗಿಯೇ ಕೆಲವು ಗುಡಿಗಳ ಮಾಡು ಉಳಿದಿರಬಹುದು. ಯುದ್ಧವೇ ಇಲ್ಲದೆ ಯುದ್ಧದ ನೋಟ ಹುಟ್ಟುವುದನ್ನು ಈ ಬಾಗಲಕೋಟೆ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಸರಿದ ಹಳೇ ಬಾಗಲಕೋಟೆಯ ಅರ್ಧ ಕೆಡವಿದ ಮನೆಗಳ ಫೋಟೋವನ್ನು ಊರ ಹೆಸರು ಹೇಳದೆ ತೋರಿಸಿದರೆ, ಅದು ಬಾಂಬು ಬಿದ್ದ ಪಟ್ಟಣವೆಂದೇ ನೋಡಿದವರು ಅಂದುಕೊಂಡಾರು.

ಇನ್ನು ಕೈಕೆಲಸದ ಮಾತು. ಮೊದಲ ತೀರ್ಮಾನ ಪ್ರಮಾಣದ್ದು. 1:50 ಎಂದರೆ ನಿಂತ ಮನುಷ್ಯ ಸುಮಾರು ಮೂರೂಕಾಲು ಸೆಂಟಿಮೀಟರ್, ಹನ್ನೆರಡು ಮೀಟರ್ ಗೋಡೆ 24 ಸೆಂಟಿಮೀಟರ್. ಹನ್ನೆರಡು ಪೌಂಡಿನ ಫಿರಂಗಿ ಗುಂಡು ಎರಡು ಮಿಲಿಮೀಟರಿಗಿಂತ ತುಸು ದೊಡ್ಡ ಕಾಳು. ಇದಕ್ಕಿಂತ ಚಿಕ್ಕ ಪ್ರಮಾಣದಲ್ಲಿ ಗುಂಡಿನ ಕುಳಿ ಕಾಣದು. ಇದಕ್ಕಿಂತ ದೊಡ್ಡದಾದರೆ ಹಿಂದಿನ ಬಂಡೆ ಮೇಜಿನ ಮೇಲೆ ಹಿಡಿಯದು, ಬಾದಾಮಿಯ ಗೋಡೆಗಳಿಗೆ ಬಂಡೆಯಿಲ್ಲದೆ ಅರ್ಥವಿಲ್ಲ. ಗಾರೆಯಿಲ್ಲದೆ ಕೂರಿಸಿದ ಚಾಲುಕ್ಯರ ಕಲ್ಲುಗಳ ನಡುವಿನ ಎರಡು ಮಿಲಿಮೀಟರ್ ಸಂದಿಯನ್ನು ಈ ಪ್ರಮಾಣದಲ್ಲಿ ಕೊರೆಯಲು ಯಾವ ಬ್ಲೇಡಿಗೂ ಆಗದು. ಅಲ್ಲಿ ಸಂದಿಯನ್ನು ಬಣ್ಣದ ತೆಳುಗೆರೆಯಾಗಿ ಸೂಚಿಸಬೇಕಷ್ಟೆ; ಆಳವಾಗಿ ಕೊರೆದರೆ ಗುಡಿ ಇಟ್ಟಿಗೆಯದೆಂಬ ಭ್ರಮೆ ಬರುತ್ತದೆ. ಥರ್ಮೋಕೋಲ್ ಅಗ್ಗ, ಆದರೆ ಒಡೆದ ಅಂಚಿನಲ್ಲಿ ಅದರ ಗುಳ್ಳೆಗಳು ಮುಖ ತೋರಿಸುತ್ತವೆ, ಸ್ಪ್ರೇ ಬಣ್ಣ ಬಿದ್ದರೆ ಕರಗುತ್ತದೆ. ಗಟ್ಟಿ ಫೋಮ್ ಹಲಗೆ ಮೇಲು. ಒಡಕಿಗೆ ನಂಬಬಹುದಾದದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್: ಒಮ್ಮೆಗೇ ಸುರಿಯದೆ ತೆಳ್ಳಗೆ ಪದರು ಪದರಾಗಿ, ಒಂದು ಬಿಗಿದ ಮೇಲೆ ಇನ್ನೊಂದನ್ನು ಸುರಿದರೆ ಅದು ಮರಳುಗಲ್ಲಿನಂತೆಯೇ ಪದರಿನ ಗುಂಟ ಬಿಡುತ್ತದೆ. ಬಾದಾಮಿಯ ಕಲ್ಲಿನ ಪುಡಿಯನ್ನೇ ಮೇಲೆ ಉದುರಿಸಿದರೆ ಹೆಚ್ಚು ನಿಜವಾಗುತ್ತದೆ ಎಂದು ತೋರಬಹುದು. ಆಗುವುದಿಲ್ಲ, ಅರ್ಧ ಮಿಲಿಮೀಟರಿನ ಮರಳಿನ ಕಣ 1:50ರಲ್ಲಿ ಎರಡೂವರೆ ಸೆಂಟಿಮೀಟರಿನ ಹರಳಾಗಿ ಕಾಣುತ್ತದೆ. ಬಣ್ಣದ್ದೂ ಇದೇ ಕಥೆ. ಗುಡ್ಡದ ಕೆಂಪನ್ನು ಇದ್ದಂತೆ ಬಳಿದರೆ ಚಿಕ್ಕ ವಸ್ತುವಿನ ಮೇಲೆ ಅದು ಕಪ್ಪಾಗಿ ತೋರುತ್ತದೆ, ಆದ್ದರಿಂದ ಒಂದು ಮಟ್ಟ ತಿಳಿ ಮಾಡಬೇಕು. ಹೊಸ ಒಡಕು ತಿಳಿಯಾಗಿ, ಹಳೆಯ ಒಡಕು ಮಳೆ ಬಿಸಿಲು ತಿಂದು ಕಪ್ಪಾಗಿ ಇರಬೇಕು. ಎರಡಕ್ಕೂ ಒಂದೇ ಬಣ್ಣ ಕೊಟ್ಟ ಮಾದರಿ ಸಾವಿರ ವರ್ಷದ ಹಾನಿಯನ್ನು ಒಂದೇ ದಿನದ್ದೆಂದು ಹೇಳಿದಂತಾಗುತ್ತದೆ.

ಮುರಿದ ಗೋಡೆಯ ಒಳಮೈಯನ್ನು ಹೆಚ್ಚಿನವರು ಮರೆಯುತ್ತಾರೆ. ಕೋಟೆಗೋಡೆ ಎಂದರೆ ಎರಡೂ ಕಡೆ ಕೆತ್ತಿದ ಕಲ್ಲಿನ ಮುಖ, ನಡುವೆ ಕಲ್ಲುಚೂರು ಮಣ್ಣಿನ ತುಂಬು. ಮುಖದ ಕಲ್ಲು ಬಿದ್ದಾಗ ಈ ತುಂಬು ಹೊರಬಂದು ಜಾರುತ್ತದೆ, ಮಳೆಗಾಲ ಕಳೆದಂತೆ ಕರಗುತ್ತದೆ. ಗುಡಿಯ ಮಾಡಿನಲ್ಲಿ ಹಾಸುಗಲ್ಲುಗಳ ಕೂಡಿಕೆಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಮಲಗಿಸಿ ನೀರು ಇಳಿಯದಂತೆ ಮಾಡುತ್ತಿದ್ದರು, ಐಹೊಳೆಯ ಲಾಡ್‌ಖಾನ್ ಗುಡಿಯಲ್ಲಿ ಅದನ್ನು ಇಂದೂ ನೋಡಬಹುದು. ಅಂಥ ಒಂದು ಪಟ್ಟಿ ಜರುಗಿದರೆ ನೀರು ಎಲ್ಲಿ ಇಳಿಯುತ್ತದೆ, ಮುಂದೆ ಯಾವ ತೊಲೆ ಸೋಲುತ್ತದೆ ಎಂಬುದನ್ನು ಕಟ್ಟುವ ಕ್ರಮ ತಿಳಿದವರು ಮಾತ್ರ ಹೇಳಬಲ್ಲರು. ಹಾಗಾಗಿ ಮುರುಕು ಮಾದರಿ ಮಾಡಲು ಕಟ್ಟಡ ಇಡಿಯಾಗಿದ್ದಾಗ ಹೇಗಿತ್ತು ಎಂಬುದನ್ನು ಕಾಗದದ ಮೇಲಾದರೂ ಪೂರ್ತಿ ಕಟ್ಟಿಕೊಳ್ಳಲೇಬೇಕು. ಕೆಳಗಿನ ಶಿವಾಲಯಕ್ಕೆ ಅದೃಷ್ಟವಶಾತ್ ಅದೇ ಗುಡ್ಡದ ಮೇಲಿನ ಶಿವಾಲಯ ನೆರವಿಗೆ ಬರುತ್ತದೆ, ಅಲ್ಲಿ ಹೊರಗೋಡೆ ನಿಂತಿದೆ.

ಹಾಗೆ ಇಡಿಯಾಗಿ ಊಹಿಸುವುದಾದರೆ ಇಡಿಯಾಗಿಯೇ ಏಕೆ ಕಟ್ಟಬಾರದು? ಇದು ಮೊದಲು ಬರುವ, ಹೆಚ್ಚು ಜನಪ್ರಿಯವಾದ ಆಕ್ಷೇಪ. ಶಾಲೆಯ ಮಕ್ಕಳಿಗೆ ಚಾಲುಕ್ಯರ ವೈಭವ ತೋರಿಸಬೇಕಲ್ಲದೆ ಕಲ್ಲಿನ ಗುಪ್ಪೆಯನ್ನಲ್ಲ ಎನ್ನುತ್ತಾರೆ. ಪಾಳುಬಿದ್ದ ಲಖನೌ ರೆಸಿಡೆನ್ಸಿಯ ಒಳಗೆ 1857ಕ್ಕೆ ಮುಂಚಿನ ಕಟ್ಟಡಗಳನ್ನು ತೋರಿಸುವ ಮಾದರಿಯಿದೆ. ಅಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತದೆ, ಏಕೆಂದರೆ ಕಿಟಕಿಯಾಚೆಗೆ ಗುಂಡಿನ ತೂತಿರುವ ಗೋಡೆಯೇ ನಿಂತಿದೆ, ನೋಡುವವರು ಎರಡನ್ನೂ ಹೋಲಿಸಬಹುದು. 2015ರಲ್ಲಿ ಸಿರಿಯಾದ ಪಾಲ್ಮೈರಾದ ಕಮಾನನ್ನು ಉಗ್ರರು ಉರುಳಿಸಿದ ಮೇಲೆ ಅದರ ಕಿರಿದಾದ ಪ್ರತಿಕೃತಿಯೊಂದನ್ನು ಯಂತ್ರದಿಂದ ಕೆತ್ತಿಸಿ 2016ರಲ್ಲಿ ಲಂಡನ್ನಿನ ಚೌಕದಲ್ಲಿ ನಿಲ್ಲಿಸಿದರು. ನುಣುಪಾಗಿ, ಚೊಕ್ಕವಾಗಿ, ಏನೂ ಆಗಿಯೇ ಇಲ್ಲ ಎಂಬಂತೆ ನಿಂತ ಅದನ್ನು ಹಲವರು ಟೀಕಿಸಿದರು. ನನಗೆ ಆ ಟೀಕೆ ಸರಿ ಅನಿಸುತ್ತದೆ. ಇಡಿಯಾದ ಗುಡಿಯ ಮಾದರಿ ಊಹೆಯನ್ನು ವಾಸ್ತವದ ಸಾಲಿನಲ್ಲಿ ಕೂರಿಸುತ್ತದೆ: ಇಲ್ಲದ ಮಂಟಪಕ್ಕೆ ಎಷ್ಟು ಕಂಬ, ಬಾಗಿಲುವಾಡಕ್ಕೆ ಯಾವ ಕೆತ್ತನೆ ಎಂಬುದೆಲ್ಲ ಮಾಡುವವನ ಇಷ್ಟ. ಮುರುಕು ಮಾದರಿಯಲ್ಲಿ ಪ್ರತಿ ಗೆರೆಯನ್ನೂ ಗುಡ್ಡ ಹತ್ತಿ ಹೋಗಿ ತಾಳೆ ನೋಡಬಹುದು.

ಯಾವ ದಿನದ ಮುರುಕು ಎಂಬುದೂ ಪ್ರಶ್ನೆಯೇ. ಐಹೊಳೆಯ ದುರ್ಗದ ಗುಡಿ ಒಂದು ಕಾಲದಲ್ಲಿ ಕೋಟೆಯ ಭಾಗವಾಗಿತ್ತು. ಅದರ ಮಾಡಿನ ಮೇಲೆ ಕಾಡುಗಲ್ಲಿನ ಕಾವಲು ಗೂಡೊಂದನ್ನು ಕಟ್ಟಿದ್ದುದನ್ನು ಹತ್ತೊಂಬತ್ತನೇ ಶತಮಾನದವರು ಕಂಡು ದಾಖಲಿಸಿದ್ದಾರೆ. ಇಂದಿನ ಪ್ರವಾಸಿಗೆ ಅದು ಕಾಣುವುದಿಲ್ಲ. ಈ ಗುಡಿಯ ‘ನಿಜವಾದ’ ಮಾದರಿಯಲ್ಲಿ ಆ ಗೂಡು ಇರಬೇಕೇ? 1855ರದ್ದಾದರೆ ಇರಬೇಕು, ಇಂದಿನದಾದರೆ ಇರಬಾರದು, ಎಂಟನೇ ಶತಮಾನದ್ದಾದರೆ ಇರಲು ಸಾಧ್ಯವೇ ಇಲ್ಲ. ಯುದ್ಧದ ನಿಜವಾದ ಗುರುತು ಆ ಒರಟು ಗೂಡೇ ಆಗಿತ್ತು ಎಂಬುದು ಇಲ್ಲಿನ ವಿಚಿತ್ರ. ಅದನ್ನು ತೆಗೆದು ಗುಡಿಯನ್ನು ಅಂದವಾಗಿಸಿದ್ದೇವೆ, ಜೊತೆಗೆ ಇತಿಹಾಸದ ಒಂದು ಹಾಳೆಯನ್ನೂ ತೆಗೆದಿದ್ದೇವೆ.

ಲೇಸರ್ ಸ್ಕ್ಯಾನು, ಡ್ರೋನು ಇರುವಾಗ ಪ್ಲಾಸ್ಟರು ಫೆವಿಕಾಲು ಯಾಕೆ ಎಂಬ ಮಾತೂ ಬರುತ್ತದೆ. ಸ್ಕ್ಯಾನು ಬೇಕು, ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ಅಳತೆ ಕಲಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇರಲಾರದು. ಆದರೆ ಯಂತ್ರ ಎಲ್ಲ ಮೇಲ್ಮೈಯನ್ನೂ ಒಂದೇ ಶ್ರದ್ಧೆಯಿಂದ ನಕಲು ಮಾಡುತ್ತದೆ, ಗುಂಡಿನ ಕುಳಿಯನ್ನೂ ಮೊನ್ನೆ ಮೆತ್ತಿದ ಸಿಮೆಂಟನ್ನೂ. ಯಾವುದು ಏನು ಎಂದು ಅದು ಕೇಳುವುದಿಲ್ಲ. ಕೈಯಲ್ಲಿ ಕಟ್ಟುವವರು ಒಂದೊಂದು ಕಲ್ಲಿಗೂ ನಿಂತು ಕೇಳಬೇಕಾಗುತ್ತದೆ, ಇಲ್ಲದಿದ್ದರೆ ಮುಂದಿನ ಕಲ್ಲು ಕೂರುವುದಿಲ್ಲ. ಇನ್ನೊಂದು ಲಾಭವೂ ಇದೆ. ಬಾದಾಮಿಯ ಗುಡ್ಡದ ಮೇಲಿನ ಬಾವನಬಂಡೆ ಕೋಟೆಯ ಮೆಟ್ಟಿಲು ಹತ್ತಲಾಗದ ವಯಸ್ಸಾದವರು, ಕಣ್ಣು ಕಾಣದವರು ಈ ಕೋಟೆಯನ್ನು ಬೆರಳಿನಿಂದಲಾದರೂ ಹತ್ತಬಹುದು. ಹತ್ತಬಲ್ಲವರಿಗೂ ಕೆಳಗಿನ ಕೋಟೆ, ಅಗಸ್ತ್ಯ ತೀರ್ಥದ ಕೆರೆ, ರಣಮಂಡಲ ಮತ್ತು ಬಾವನಬಂಡೆ ಗುಡ್ಡಗಳು ಒಟ್ಟಿಗೆ ಕಾಣುವ ಜಾಗ ನೆಲದ ಮೇಲೆ ಸುಲಭಕ್ಕೆ ಸಿಗದು. 1786ರಲ್ಲಿ ಊರು ಗೆದ್ದವರು ಮೇಲಿನ ಕೋಟೆಯ ಮುಂದೆ ಏಕೆ ತಡವರಿಸಿದರು ಎಂಬುದು ಮಾದರಿಯ ಮೇಲೆ ಬಗ್ಗಿದ ಕೂಡಲೇ ತಿಳಿಯುತ್ತದೆ.

ಹಳೆಯ ಗಾಯ ಕೆದಕಿದಂತಾಗುವುದಿಲ್ಲವೇ ಎನ್ನುವವರ ಅಳುಕನ್ನು ಹಗುರಾಗಿ ತಳ್ಳಲಾರೆ. ಯಾರು ಒಡೆದರು ಎಂಬ ಪ್ರಶ್ನೆ ಇಂದು ಬೀದಿಗೆ ಬಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಬಾದಾಮಿಯ ದಾಖಲೆ ಯಾರ ಸಿಟ್ಟಿಗೂ ಒಗ್ಗುವಂಥದ್ದಲ್ಲ. ಪಲ್ಲವ ಚಾಲುಕ್ಯರಿಬ್ಬರೂ ಒಂದೇ ದೇವತೆಗಳಿಗೆ ಗುಡಿ ಕಟ್ಟಿದವರು. 1786ರಲ್ಲಿ ಪೇಶ್ವೆಯ ಸೇನೆಯೂ ನಿಜಾಮನ ಸೇನೆಯೂ ಒಂದೇ ಕಡೆ ನಿಂತು ಟಿಪ್ಪುವಿನ ಪಡೆಯ ಮೇಲೆ ಗುಂಡು ಹಾರಿಸಿದವು. 1841ರಲ್ಲಿ ಒಬ್ಬ ಬ್ರಾಹ್ಮಣನ ಹಿಂದೆ ಅರಬರು ನಡೆದರು. ಗಾಳಿಮಾತು ಬೆಳೆಯುವುದು ವಿವರ ಇಲ್ಲದ ಕಡೆ. ಈ ಮೂಲೆ ಬೇರಿನಿಂದ ಬಿತ್ತು, ಈ ಸಾಲನ್ನು ಕಿತ್ತೊಯ್ದಿದ್ದಾರೆ, ಈ ಕುಳಿ ಗುಂಡಿನದು, ಈ ಒಂದು ಏನೆಂದು ತೀರ್ಮಾನವಾಗಿಲ್ಲ ಎಂದು ಬಿಡಿಬಿಡಿಯಾಗಿ ಬರೆದಿಟ್ಟ ಕಡೆ ಒಟ್ಟಾರೆ ಆರೋಪಕ್ಕೆ ಜಾಗ ಕಡಿಮೆ.

ಹಾಗಾದರೆ ಶುರು ಮಾಡಬೇಕಾದದ್ದು ಗುಡಿಯಿಂದಲ್ಲ, ಕೆಳಗಿನ ಕೋಟೆಯ ಗೋಡೆಯಿಂದ ಎಂಬುದು ನನ್ನ ಅಭಿಪ್ರಾಯ. ಫಿರಂಗಿ ಹೊಡೆತಕ್ಕೆ ಇಸವಿ, ತಿಂಗಳ ಸಮೇತ ದಾಖಲೆಯಿರುವುದು ಅದಕ್ಕೇ. ನಿಜವಾದ ಗುಂಡಿನ ಗುರುತು ಹೇಗಿರುತ್ತದೆಂದು ಅಲ್ಲಿ ಕೈ ಪಳಗಿಸಿಕೊಂಡವರು ಆಮೇಲೆ ಕೆಳಗಿನ ಶಿವಾಲಯಕ್ಕೆ ಬಂದರೆ ಅದು ಅಲ್ಲಿ ಇದೆಯೋ ಇಲ್ಲವೋ ಎಂದು ಹೇಳಬಲ್ಲರು. ಹತ್ತು ಹನ್ನೆರಡು ಮೀಟರ್ ಗೋಡೆ, ಒಂದು ಕೊತ್ತಲ, ಹಿಂದೆ ಬಂಡೆಯ ತುಣುಕು, 1:50 ಪ್ರಮಾಣ: ಒಂದು ಕಾಲೇಜಿನ ತಂಡ ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಪುರಾವೆ ಇರುವ ಭಾಗಕ್ಕೆ ಕಲ್ಲಿನ ಬಣ್ಣ, ಊಹೆಯ ಭಾಗಕ್ಕೆ ಬಣ್ಣ ಹಚ್ಚದ ಬಿಳಿ ಪ್ಲಾಸ್ಟರು. ಕೆಳಗಿನ ಫಲಕದಲ್ಲಿ ಇಸವಿ, ಪ್ರಮಾಣ, ಯಾವ ಫೋಟೋ, ಯಾವ ನಕ್ಷೆಯನ್ನು ನೋಡಿ ಮಾಡಿದ್ದು ಎಂಬ ವಿವರ. ಮುಂದೆ ಹೊಸ ಪುರಾವೆ ಸಿಕ್ಕಾಗ ಬಿಚ್ಚಿ ಬದಲಿಸಲು ಬರುವಂತೆ ಕೊತ್ತಲವನ್ನು ಅಂಟಿಸದೆ ತಿರುಪು ಹಾಕಿ ಕೂರಿಸಿದರೆ ಒಳ್ಳೆಯದು.